ಆರಿಸಿ ಹಚ್ಚು

ತೊಂಡೇಬಾವಿ
14 ನವೆಂಬರ್ 2025

ಚೈತ್ರಮ್ಮನವರಿಗೆ,

ಬಹುವಚನ ನೋಡಿ ಉಬ್ಬಬೇಡ. ಇದು ಸಿಟ್ಟಿಗೆ ಬಂದಿರೋ ಬಹುವಚನ. ನಾನಿಲ್ಲಿ ಕ್ಷೇಮವಾಗಿಲ್ಲ, ಅಲ್ಲಿ ನಿನ್ನ ಕ್ಷೇಮ ಕೇಳೋ ಮನಸ್ಸೂ ನನಗಿಲ್ಲ. ಜ್ವರ ಬಿಡ್ತಾ ಅಂತ ಮಾತ್ರ ಕೇಳ್ತೀನಿ, ಯಾಕಂದ್ರೆ ಡೆಂಗಿ ಬಂದು ಮಲಗಿರೋರನ್ನ ಬೈಬಾರದು ಅಂತಾಳೆ ನಮ್ಮಜ್ಜಿ. ಬಿಟ್ಟಿದ್ರೆ ಮುಂದೆ ಓದು.

ನನ್ನ ನಂಬರ್ ಬ್ಲಾಕ್ ಮಾಡಿದೀಯ. ವಾಟ್ಸಾಪಲ್ಲಿ ನಿನ್ನ ಫೋಟೋನೇ ಕಾಣಲ್ಲ. ಹೋಗ್ಲಿ ಬಿಡು, ಪೋಸ್ಟ್‌ಮ್ಯಾನನ್ನ ಬ್ಲಾಕ್ ಮಾಡೋಕೆ ನಿನ್ನ ಕೈಲೂ ಆಗಲ್ಲ.

ಭಾನುವಾರ ಚಿಕ್ಕಬಳ್ಳಾಪುರದಲ್ಲಿ, ಕಂಪ್ಯೂಟರ್ ಜೋರಾಗಿ ಓಡಿಸೋ ಪೈಪೋಟೀಲಿ, ಎರಡನೇ ಸುತ್ತಿಗೆ ನಮ್ಮದು ಸುಟ್ಟು ಹೋಯ್ತಲ್ಲ, ನನಗೂ ಹೊಟ್ಟೆ ಉರೀತು. ಆದ್ರೆ ಫೋನ್ ಸ್ಪೀಕರಲ್ಲಿತ್ತು ಚೈತ್ರ. ನನ್ನ ಎರಡೂ ಕೈಲಿ ದಪ್ಪ ಗ್ಲೌಸ್ ಇತ್ತು, ಅದಕ್ಕೇ ಫೋನನ್ನ ಮೇಜಿನ ಮೇಲಿಟ್ಟಿದ್ದೆ. ಪೈಪೋಟಿ ನಡೆಸಿಕೊಡ್ತಿದ್ದ ರಮೇಶ್‌ಬಾಬು ಸರ್ ಅದರ ಮುಂದೆ ಮೈಕ್ ಹಿಡಿದಿದ್ರು, ಜ್ವರದಲ್ಲೂ ಮನೆಯಿಂದ ಮಾತಾಡ್ತಿರೋ ನಮ್ಮ ಚಿಂತಾಮಣಿ ಹುಡುಗಿ ಅಂತ ಹೆಮ್ಮೆಯಿಂದ. ಆ ಮೈಕಲ್ಲಿ ನೀನು ಏನಂದೆ? ‘ಥೂ, ನೀನು ದನಗಳ ಹಿಂದೆ ನಿಂತ್ಕೊಳ್ಳೋಕೆ ಮಾತ್ರ ಲಾಯಕ್ಕು ಕಣೋ’ ಅಂದೆ. ಅಲ್ಲಿ ಕೂತಿದ್ದೋರೆಲ್ಲ ಗೊಳ್ ಅಂತ ನಕ್ರು. ಹಿಂದಿನ ಸಾಲಲ್ಲಿ ಯಾವನೋ ‘ಅಂಬಾ’ ಅಂತ ಕೂಗಿದ. ಆಮೇಲೆ ಇನ್ನೊಬ್ಬ ಕೂಗಿದ. ನಾನು ಆ ಹೊಗೆಯೊಳಗೆ ಗ್ಲೌಸ್ ಹಾಕ್ಕೊಂಡು ನಿಂತೇ ಇದ್ದೆ.

ಹೌದಮ್ಮ, ದನಗಳ ಹಿಂದೆ ನಿಲ್ಲೋನೇ ನಾನು. ನಿನ್ನ ಜೊತೆ ಡಿಪ್ಲೊಮಾ ಮುಗಿಸಿ, ಮಾವನ ಹತ್ರ ಹಸುಗಳಿಗೆ ಗರ್ಭ ಕಟ್ಟಿಸೋ ಕೆಲಸ ಕಲಿತೋನೇ. ಈ ಸುತ್ತಮುತ್ತ ಯಾರ ಹಸು ಬೆದೆಗೆ ಬಂದ್ರೂ ಸೂಜಿ ಬೀರೇಶನ್ನ ಕರೀರಿ ಅಂತಾರೆ, ನನಗೇನೂ ನಾಚಿಕೆ ಇಲ್ಲ. ಹೋರಿ ಬೀಜದ ಕಡ್ಡಿ ಕೆಡದೇ ಇರ್ಲಿ ಅಂತ ನಾವು ಇಟ್ಕೊಳ್ಳೋ ನೈಟ್ರೋಜನ್ ಇಲ್ದಿದ್ರೆ ನಿನ್ನ ಕಂಪ್ಯೂಟರಿಗೆ ಚಳಿ ಎಲ್ಲಿಂದ ಬರ್ತಿತ್ತು? ಕಾಲೇಜಲ್ಲಿ ನೀನು ಮೊಬೈಲ್ ಹಿಡ್ಕೊಂಡು, ‘ಹೊಗೆಯಾಡೋ ನೀರು ಹುಯ್ದು ಕಂಪ್ಯೂಟರನ್ನ ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸ್ತಾರಂತೆ ಕಣೋ, ನಮಗೆಲ್ಲಿ ಸಿಗುತ್ತೆ ಇದೆಲ್ಲ’ ಅಂದಾಗ, ‘ಅಯ್ಯೋ, ಅದು ನಮ್ಮ ಮಾವನ ಬೈಕಲ್ಲೇ ಇರುತ್ತಲ್ಲೇ’ ಅಂದೋನು ಯಾರು?

ಮೊದಲನೇ ಸುತ್ತಲ್ಲಿ ನಾವೇ ಮುಂದಿದ್ವಿ ಅಂತ ಸರ್ ಫೆಬ್ರವರಿಯಲ್ಲಿ ಇನ್ನೊಂದು ಅವಕಾಶ ಕೊಡ್ತಾರಂತೆ. ಜೋಡಿಯಾಗೇ ಹೆಸರು ಕೊಡ್ಬೇಕು, ಸಂಕ್ರಾಂತಿ ಆದ ವಾರದೊಳಗೆ. ನೀನು ಆ ಮಾತು ವಾಪಸ್ ತಗೊಳ್ಳೋವರೆಗೂ ನನ್ನ ಹೆಸರೂ ಸಿಗಲ್ಲ, ನನ್ನ ನೈಟ್ರೋಜನ್ ಕ್ಯಾನೂ ಸಿಗಲ್ಲ. ನಿನ್ನ ಕಂಪ್ಯೂಟರ್ ಬೋರ್ಡನ್ನ ಬಟ್ಟೇಲಿ ಸುತ್ತಿ ಬಸ್ಸಿಗೆ ಹಾಕಿದೀನಿ, ಸ್ಟ್ಯಾಂಡಲ್ಲಿ ಇಸ್ಕೋ.

ಅಜ್ಜಿ ತೋಟದಿಂದ ಕೂಗ್ತಿದಾಳೆ. ಮೋಟ್ರು ಆರಿಸಿ ಬರ್ಬೇಕು, ಮಡಿ ತುಂಬಿ ಹರೀತಿದೆಯಂತೆ.

ಇಂತಿ,
ದನಗಳ ಹಿಂದೆ ನಿಲ್ಲೋ
ಬೀರೇಶ


ಅಂಬಾಜಿದುರ್ಗದ ತಪ್ಪಲು, ಚಿಂತಾಮಣಿ
23 ನವೆಂಬರ್ 2025

ಬೀರೇಶ,

ಜ್ವರ ಬಿಟ್ಟಿದೆ, ಸಿಟ್ಟು ಬಿಟ್ಟಿಲ್ಲ. ನಿನ್ನ ಕಾಗದ ಓದಿ ಇನ್ನೂ ಏರ್ತು.

ಅಲ್ಲ ಕಣೋ, ಮರ್ಯಾದೆ ನಿನ್ನದೊಂದೇನಾ? ಬಸ್ ಸ್ಟ್ಯಾಂಡ್ ಹತ್ರ ನನ್ನ ರಿಪೇರಿ ಅಂಗಡಿಗೆ ಬರೋರು ನನ್ನ ಮುಖ ನೋಡಿ ಏನಂತಾರೆ ಗೊತ್ತಾ? ‘ಯಾರೂ ಇಲ್ವಾಮ್ಮ ಅಂಗಡೀಲಿ?’ ನಾನು ಎದುರಿಗೇ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತಿರ್ತೀನಿ. ‘ರಿಪೇರಿ ಮಾಡೋರು ಊಟಕ್ಕೆ ಹೋಗಿದಾರಾ?’ ಅಂತಾರೆ. ಆ ಬೋರ್ಡು ಗೆದ್ದಿದ್ರೆ ಅದನ್ನ ಗಾಜಿನ ಪೆಟ್ಟಿಗೇಲಿಟ್ಟು, ಕೆಳಗೆ ‘ಇದನ್ನ ಸಿದ್ಧ ಮಾಡಿದ್ದು ಚೈತ್ರ’ ಅಂತ ಬರೆದು ಬಾಗಿಲಲ್ಲಿ ನಿಲ್ಲಿಸ್ತಿದ್ದೆ. ನನಗೆ ಬೇಕಿದ್ದಿದ್ದು ಅಷ್ಟೇ.

ನೀನು ಹುಯ್ಯೋನು, ನಿನಗೇನು ಗೊತ್ತು ಬೋರ್ಡಿನ ಕಷ್ಟ! ಅಷ್ಟು ಚಳಿ ಮುಟ್ಟಿದ ಕಡೆ ಗಾಳೀಲಿರೋ ತೇವ ಎಲ್ಲಾ ಬಂದು ನೀರಾಗಿ ಕೂರುತ್ತೆ. ಅದು ಕರೆಂಟು ಹರಿಯೋ ಜಾಗಕ್ಕೆ ಇಳಿದ್ರೆ ಕಥೆ ಮುಗೀತು. ಅದಕ್ಕೇ ಬಣ್ಣ ಇಲ್ದಿರೋ ನೈಲ್ ಪಾಲಿಷ್ ತಂದು, ಅಕ್ಕಿಕಾಳಿಗಿಂತ ಸಣ್ಣ ಸಣ್ಣ ಭಾಗದ ಮೇಲೆಲ್ಲ ಬಳಿದೆ. ಫ್ಯಾನ್ಸಿ ಸ್ಟೋರ್ ಅಕ್ಕ, ‘ಇಷ್ಟೊಂದು ಬಾಟ್ಲಿ ಯಾಕಮ್ಮ, ಮನೇಲಿ ಮದುವೇನಾ?’ ಅಂದ್ಲು. ಅದು ಗಟ್ಟಿಯಾದ ಮೇಲೆ ಅದರ ಮೇಲೆ ವ್ಯಾಸಲೀನ್. ಚಿತ್ರ ಬಿಡಿಸೋರ ಮೆತ್ತನೆ ರಬ್ಬರ್ ಇರುತ್ತಲ್ಲ, ಅದನ್ನ ಚಪಾತಿ ಹಿಟ್ಟಿನ ತರ ನಾದಿ ಪ್ರೊಸೆಸರ್ ಸುತ್ತ ಕಟ್ಟೆ ಕಟ್ಟಿದೆ, ಒಂದು ಸಂದಿ ಬಿಡದ ಹಾಗೆ. ಅದರ ಮೇಲೆ ಟಿಶ್ಯೂ. ನೀನು ನೈಟ್ರೋಜನ್ ಹುಯ್ಯೋ ಆ ತಾಮ್ರದ ಪಾತ್ರೆ ಆಕಾಶದಿಂದ ಬಿತ್ತಾ? ಲೇತ್ ಚಲಪತಿ ಅಣ್ಣನ ಬೆನ್ನು ಬಿದ್ದು ಕಡೆಸಿದೆ. ತಳ ಕನ್ನಡಿ ತರ ಹೊಳೆಯೋವರೆಗೂ ಎಮರಿ ಪೇಪರಲ್ಲಿ ಉಜ್ಜಿ ಉಜ್ಜಿ ನನ್ನ ಬೆರಳಲ್ಲಿ ಬೊಬ್ಬೆ ಬಂತು.

ಇಷ್ಟು ಮಾಡಿ, ಹಾಳು ಜ್ವರಕ್ಕೆ ಸಿಕ್ಕಿ ಹಾಸಿಗೆ ಮೇಲೆ ಬಿದ್ದು, ನಿನ್ನ ನಂಬಿ ಕಳಿಸಿದೆ. ಮೊದಲನೇ ಸುತ್ತು ಆದ ಮೇಲೆ ಫೋನಲ್ಲಿ ಏನು ಹೇಳಿದೆ? ‘ಸರಿಯಾಗಿ ಆರಿಸು, ಸ್ವಲ್ಪ ಹೊತ್ತು ಬಿಡು, ಆಮೇಲೆ ಹಚ್ಚು.’ ಎಷ್ಟು ಬಿಡಿಸಿ ಹೇಳಿದೆ! ಮಗುವಿಗೆ ಹೇಳಿದ್ರೂ ಮಾಡ್ತಿತ್ತು. ಅದೂ ಆಗ್ಲಿಲ್ಲ ನಿನ್ನ ಕೈಲಿ. ಮಾತು ವಾಪಸ್ ತಗೋಬೇಕಂತೆ. ತಗೊಳಲ್ಲ ಹೋಗು. ಬೇರೆ ಜೊತೆಗಾರರನ್ನ ಹುಡುಕ್ಕೊಳ್ತೀನಿ.

ಅಮ್ಮ ಹಿತ್ತಲಿಂದ ‘ಬಟ್ಟಲು ಆರಬೆಟ್ಟವೇ’ ಅಂತ ತೆಲುಗಲ್ಲಿ ಕೂಗ್ತಿದಾಳೆ. ಒಗೆದಿರೋ ಬಟ್ಟೆ ಬಕೆಟ್‌ನಲ್ಲೇ ಇದೆ, ನಿನ್ನ ಮೇಲಿನ ಸಿಟ್ಟಲ್ಲಿ ಅದೂ ಮರೆತೆ.

ಚೈತ್ರ


ತೊಂಡೇಬಾವಿ
5 ಡಿಸೆಂಬರ್ 2025

ಚೈತ್ರ,

ಬೇರೆ ಜೊತೆಗಾರ ಸಿಕ್ಕಿದ್ನಾ? ಸಿಕ್ಕಿರಲ್ಲ. ಆ ಕ್ಯಾನ್ ಮುಚ್ಚಳ ತೆಗೆದ್ರೇ ಹೆದರಿ ಓಡ್ತಾರೆ ಜನ.

ನೋಡು, ನೀನು ಕಷ್ಟ ಪಟ್ಟಿಲ್ಲ ಅಂತ ನಾನು ಎಲ್ಲಾದ್ರೂ ಅಂದಿದೀನಾ? ಸರ್ ಕೇಳಿದಾಗ ಮೊದಲ ಮಾತೇ, ‘ಬೋರ್ಡ್ ಪೂರ್ತಿ ಚೈತ್ರ ಮಾಡಿದ್ದು ಸರ್, ನಾನು ಹುಯ್ಯೋನು ಅಷ್ಟೇ’ ಅಂದೆ. ಅದನ್ನ ಮೈಕಲ್ಲೇ ಅಂದೆ. ನಿನ್ನ ಫೋನಿಗೆ ಕೇಳಿಸಿಲ್ವಾ? ಒಳ್ಳೇದು ಕೇಳಿಸಲ್ಲ ಬಿಡು ನಿನಗೆ.

ಮೊದಲನೇ ಸುತ್ತಲ್ಲಿ ನಾನು ಹೇಗೆ ಹುಯ್ದೆ ಅಂತ ಅಲ್ಲಿದ್ದೋರನ್ನ ಕೇಳು. ಬಸ ಬಸ ಸುರೀಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಇಳಿಸಿದೆ. ಪಾತ್ರೆ ಅಂಚು ಬೆಳ್ಳಗಾಯ್ತು, ಪರದೆ ಮೇಲೆ ಅಂಕಿ ಏರ್ತಾನೇ ಹೋಯ್ತು, ಆಂಧ್ರದ ಕಡೆಯಿಂದ ಬಂದಿದ್ದ ಹುಡುಗರು ತಮ್ಮ ಮೇಜು ಬಿಟ್ಟು ನಮ್ಮ ಮೇಜಿಗೆ ಬಂದು ನಿಂತ್ರು. ನಾನು ಕುಣಿಯೋದೊಂದು ಬಾಕಿ ಇತ್ತು.

ಎರಡನೇ ಸುತ್ತಿಗೆ ಮುಂಚೆ ನೀನು ಫೋನಲ್ಲಿ ಹೇಳಿದ್ದನ್ನ ಅಕ್ಷರ ಬಿಡದೆ ಮಾಡಿದೀನಿ. ಆರಿಸು ಅಂದೆ, ಆರಿಸಿದೆ. ಸ್ವಲ್ಪ ಹೊತ್ತು ಬಿಡು ಅಂದೆ, ಬಿಟ್ಟೆ. ಪಕ್ಕದೋರು ಬೇಗ ಬೇಗ ಅಂತಿದ್ರೂ ಕೈ ಕಟ್ಕೊಂಡು ನಿಂತಿದ್ದೆ. ಆಮೇಲೆ ಹಚ್ಚು ಅಂದೆ, ಹಚ್ಚಿದೆ. ಹಚ್ಚಿದ ತಕ್ಷಣ ಪಟ್ ಅಂತು, ಸುಟ್ಟ ವಾಸನೆ ಬಂತು, ಅಷ್ಟೇ. ಇದರಲ್ಲಿ ನನ್ನ ತಪ್ಪೇನಿದೆ ಹೇಳು. ನೀನು ಹೇಳಿದ್ದೇ ತಪ್ಪಿರ್ಬೇಕು.

ಬೋರ್ಡ್ ಸತ್ತಿದ್ದಕ್ಕೆ ಬೈದಿದ್ರೆ ಬೈಸ್ಕೊಳ್ತಿದ್ದೆ. ಕತ್ತೆ, ಬಡ್ಡೀಮಗನೇ ಅಂದಿದ್ರೂ ಸಂಜೆಗೆ ಮರೆತು ಬಿಡ್ತಿದ್ದೆ. ನನ್ನ ಕೆಲಸ ಎತ್ತಿ ಆಡಿದೆ ನೀನು. ಇನ್ನೂ ಯಾವನೋ ಮೊನ್ನೆ ಗೌರಿಬಿದನೂರು ಸ್ಟೇಷನ್ನಲ್ಲಿ ನನ್ನ ನೋಡಿ ‘ಅಂಬಾ’ ಅಂದ.

ಬೀರೇಶ


ಅಂಬಾಜಿದುರ್ಗದ ತಪ್ಪಲು
16 ಡಿಸೆಂಬರ್ 2025

ಸುಳ್ಳುಗಾರ ಬೀರೇಶನಿಗೆ,

ಇಷ್ಟು ದಿನ ಮನಸ್ಸಾಗದೆ ಹಾಗೇ ಇಟ್ಟಿದ್ದ ಬೋರ್ಡಿನ ಗಂಟನ್ನ ನಿನ್ನ ಕಾಗದ ಬಂದ ಮೇಲೆ ಬಿಚ್ಚಿದೆ. ಈಗ ಅದು ನನ್ನ ಮುಂದೇ ಇದೆ. ಪ್ರೊಸೆಸರ್ ಕೂರೋ ಜಾಗದಲ್ಲಿ ನೀರು ನಿಂತ ಕಲೆ ಇದೆ, ಅಂಚಲ್ಲಿ ಹಸಿರು ಕಿಲುಬು ಹಿಡಿದಿದೆ. ಟಿಶ್ಯೂ ನೆಂದು, ಒಣಗಿ, ಹಪ್ಪಳ ಆಗಿದೆ. ಆರಿಸಿದ್ದಂತೆ! ಇದೇನಾ ನೀನು ಆರಿಸಿದ್ದು?

ಹಚ್ಚಿದ್ದಂತೆ! ನಾನು ಜಾಗ ಜಾಗ ನೋಡಿದೆ ಕಣೋ. ಮೊದಲು ನಾನು ಬೆರಳಲ್ಲಿ ಹಚ್ಚಿದ್ದ ಗುರುತು ಬಿಟ್ರೆ ಹೊಸದಾಗಿ ಒಂದು ಚೂರೂ ಹಚ್ಚಿಲ್ಲ. ನಿನ್ನ ಬ್ಯಾಗಿಗೆ ಹಾಕಿ ಕೊಟ್ಟಿದ್ದ ವ್ಯಾಸಲೀನ್ ಡಬ್ಬಿ ಸೀಲೂ ಒಡೆದಿಲ್ಲ, ಗಂಟಿನ ಜೊತೆ ಹಾಗೇ ವಾಪಸ್ ಬಂದಿದೆ. ಮೇಲಿಂದ ಬರೀತೀಯ, ‘ಹಚ್ಚಿದ ತಕ್ಷಣ ಪಟ್ ಅಂತು’ ಅಂತ. ವ್ಯಾಸಲೀನ್ ಹಚ್ಚಿದ್ರೆ ಪಟ್ ಅನ್ನುತ್ತೇನೋ? ಅದೇನು ಪಟಾಕೀನಾ? ಸುಳ್ಳು ಹೇಳೋಕೂ ಒಂದು ಯೋಗ್ಯತೆ ಬೇಕು.

ತಪ್ಪಾಯ್ತು, ಗಡಿಬಿಡೀಲಿ ಮರೆತೆ ಅಂದಿದ್ರೆ ಅವತ್ತೇ ಮುಗಿದು ಹೋಗ್ತಿತ್ತು. ನನ್ನ ಜೊತೆ ಒಂದೇ ಟಿಫನ್ ಡಬ್ಬೀಲಿ ಚಿತ್ರಾನ್ನ ತಿಂದೋನು ನನಗೇ ಸುಳ್ಳು ಬರೀತಾನಲ್ಲ ಅಂತ ಅಳು ಬಂತು. ಅಮ್ಮ, ‘ಆ ಬೀರೇಶ ಒಳ್ಳೇ ಹುಡುಗ ಅಲ್ವೇನೇ, ಯಾಕೆ ಸುಳ್ಳು ಹೇಳ್ತಾನೆ’ ಅಂದ್ಲು. ಅವಳ ಮೇಲೂ ರೇಗಿದೆ.

ಇನ್ನು ಬರೀಬೇಡ.

ಚೈತ್ರ


ತೊಂಡೇಬಾವಿ
29 ಡಿಸೆಂಬರ್ 2025

ಚೈತ್ರ,

ಬರೀಬೇಡ ಅಂದ್ರೆ ಬರೀತೀನಿ. ಮೊದಲು ದನ ಕಾಯೋನು ಅಂದೆ, ಈಗ ಸುಳ್ಳುಗಾರ ಅಂತೀಯ. ಮುಂದಿನ ಕಾಗದದಲ್ಲಿ ಕಳ್ಳ ಅಂತ ಬರಿ, ಪೂರ್ತಿಯಾಗ್ಲಿ.

ನಾನು ಆರಿಸಿಲ್ವಾ? ಅಲ್ಲಿದ್ದೋರೆಲ್ಲ ನೋಡಿದಾರೆ! ಮೊದಲು ಪರದೆ ಆರಿಸಿದೆ. ಆಮೇಲೆ ಹಿಂದುಗಡೆ ಕಪ್ಪು ಸ್ವಿಚ್ ಆರಿಸಿದೆ. ‘ಸರಿಯಾಗಿ’ ಅಂದಿದ್ಯಲ್ಲ ನೀನು, ಅದಕ್ಕೇ ಗೋಡೆ ಪ್ಲಗ್ಗನ್ನೂ ಕಿತ್ತೆ. ಇನ್ನೂ ಹೇಗೆ ಆರಿಸ್ಲಿ, ಬೆಸ್ಕಾಮ್ ಆಫೀಸಿಗೆ ಹೋಗಿ ಇಡೀ ಚಿಕ್ಕಬಳ್ಳಾಪುರದ ಕರೆಂಟ್ ಆರಿಸ್ಲಾ? ಸ್ವಲ್ಪ ಹೊತ್ತು ಬಿಟ್ಟು ಎಲ್ಲಾ ವಾಪಸ್ ಹಚ್ಚಿದೆ. ಕಂಪ್ಯೂಟರ್ ಹಚ್ಚಿದ ತಕ್ಷಣ ಪಟ್ ಅಂತು ಅಂತ ನಾನು ಬರೆದ್ರೆ, ನೀನು ಅದ್ಯಾವುದೋ ವ್ಯಾಸಲೀನ್ ಮಾತು ತರ್ತೀಯಲ್ಲ! ವ್ಯಾಸಲೀನ್ ಬಗ್ಗೆ ನೀನು ಫೋನಲ್ಲಿ ಒಂದು ಮಾತಾದ್ರೂ ಆಡಿದ್ಯಾ? ಮಾತು ತಿರುಗಿಸಬೇಡ ಚೈತ್ರ.

ಆ ಬ್ಯಾಗಿನ ಕಥೆ ಕೇಳು. ಸರ್ ಮುಂದೆ ಬಿಚ್ಚಿದೆ. ನೈಲ್ ಪಾಲಿಷ್, ವ್ಯಾಸಲೀನ್, ಕೂದಲಿಗೆ ಬಿಸಿಗಾಳಿ ಬಿಡೋ ಮಿಷನ್ನು. ಹುಡುಗರೆಲ್ಲ ಕಿಸಕ್ ಅಂದ್ರು. ನೀನು ಬರೋದಿತ್ತಲ್ಲ, ನಿನ್ನ ಸಾಮಾನು ಇರ್ಬೇಕು ಅಂದ್ಕೊಂಡು ನಿನ್ನ ಮಾನ ಉಳಿಸೋಕೆ ಬೇಗ ಜಿಪ್ ಎಳೆದೆ. ನಾವು ಪ್ರಾಕ್ಟೀಸ್ ಮಾಡಿದಾಗೆಲ್ಲ ನೈಟ್ರೋಜನ್ ಒಂದೇ ಸುತ್ತಿಗೆ ಸಾಕಾಗ್ತಿತ್ತು, ಆದ ಮೇಲೆ ಬೋರ್ಡನ್ನ ನೀನು ಅಂಗಡಿಗೆ ಎತ್ಕೊಂಡು ಹೋಗ್ತಿದ್ದೆ. ಅಲ್ಲಿ ಅದಕ್ಕೆ ಏನು ಮಾಡ್ತೀಯ ಅಂತ ನಾನು ಕಂಡಿದೀನಾ?

ಸಾಕು. ನನಗೂ ಸಾಕಾಗಿದೆ. ಹೆಸರು ಕೊಡೋ ದಿನ ಹತ್ರ ಬರ್ತಿದೆ, ಕೊಟ್ರೂ ಅಷ್ಟೇ, ಬಿಟ್ರೂ ಅಷ್ಟೇ.

ಬೀರೇಶ


ಅಂಬಾಜಿದುರ್ಗದ ತಪ್ಪಲು
7 ಜನವರಿ 2026

ಬೀರೇಶ,

ನಿನ್ನ ಕಾಗದ ಅಂಗಡೀಲೇ ಒಡೆದೆ. ‘ಕಪ್ಪು ಸ್ವಿಚ್ ಆರಿಸಿದೆ’ ಅನ್ನೋ ಸಾಲಿಗೆ ಬಂದು ನಿಂತು ಬಿಟ್ಟೆ. ಮತ್ತೆ ಓದಿದೆ. ಆಮೇಲೆ ಎಷ್ಟು ಜೋರಾಗಿ ‘ಅಯ್ಯೋ ನಿನ್ನ!’ ಅಂತ ಕೂಗಿದೆ ಅಂದ್ರೆ, ಚಾರ್ಜರ್ ತಗೊಳ್ಳೋಕೆ ಬಂದಿದ್ದ ಅಜ್ಜ ಹೆದರಿ ಹೊರಗೆ ಹೋದ್ರು.

ಕೇಳು ಮಾರಾಯ. ನಾನು ಆರಿಸು ಅಂದಿದ್ದು ಒಣಗಿಸು ಅಂತ. ನಮ್ಮನೇಲಿ ಬಟ್ಟೆ ಆರಬೆಟ್ಟು, ರಾಗಿ ಆರಬೆಟ್ಟು, ತಲೆ ಆರಬೆಟ್ಟು. ಅಮ್ಮನ ತೆಲುಗು ಕೇಳಿ ಕೇಳಿ ನನಗೆ ಆರಿಸೋದು ಅಂದ್ರೆ ಒದ್ದೆ ತೆಗೆಯೋದು, ಅಷ್ಟೇ. ಆ ಬಿಸಿಗಾಳಿ ಮಿಷನ್ ಇದ್ದಿದ್ದು ಅದಕ್ಕೇ ಕಣೋ, ನನ್ನ ಜಡೆಗಲ್ಲ! ಹಚ್ಚು ಅಂದಿದ್ದು ವ್ಯಾಸಲೀನ್ ಹಚ್ಚು ಅಂತ. ನಿಮ್ಮನೇಲಿ ಮೋಟ್ರು ಹಚ್ಚು, ಮೋಟ್ರು ಆರಿಸು, ಟಿ.ವಿ. ಹಚ್ಚು, ಟಿ.ವಿ. ಆರಿಸು. ಕಾಲೇಜಲ್ಲಿ ನೀನು ‘ಮೇಡಂ, ಕಂಪ್ಯೂಟರ್ ಹಚ್ಲಾ?’ ಅಂದಾಗ ಇಡೀ ಲ್ಯಾಬ್ ನಕ್ಕಿದ್ದು ನನಗೆ ನೆನಪಿರ್ಬೇಕಿತ್ತು. ನೀನು ಆರಿಸಿದ್ದೂ ನಿಜ, ಹಚ್ಚಿದ್ದೂ ನಿಜ. ನೀರು ತುಂಬಿರೋ ಬೋರ್ಡಿಗೆ ಕರೆಂಟ್ ಕೊಟ್ರೆ ಪಟ್ ಅನ್ನದೆ ಇನ್ನೇನನ್ನುತ್ತೆ?

ಹೊಟ್ಟೆ ಹಿಡ್ಕೊಂಡು ನಕ್ಕೆ. ಆಮೇಲೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗ್ಲಿಲ್ಲ. ಇಬ್ಬರೂ ಕನ್ನಡದೋರೇ, ಒಂದೇ ಜಿಲ್ಲೆಯೋರೇ, ಒಂದೇ ಬೆಂಚಲ್ಲಿ ಕೂತೋರೇ. ‘ಒಣಗಿಸು’ ಅಂತ ಒಂದು ಮಾತು ನನ್ನ ಬಾಯಿಗೆ ಬರ್ಬಾರದಿತ್ತಾ? ‘ಏನನ್ನ ಹಚ್ಲಿ’ ಅಂತ ನೀನಾದ್ರೂ ಕೇಳ್ಬಾರದಿತ್ತಾ? ಅರ್ಧ ನಿನ್ನದು, ಅರ್ಧ ನನ್ನದು, ಲೆಕ್ಕ ಚುಕ್ತಾ ಅಂತ ಬರೆದು ಕಳಿಸೋಕೆ ಕೂತೆ.

ಬರೀತಾ ಬರೀತಾ ಕೈ ನಿಂತು ಹೋಯ್ತು. ಲೆಕ್ಕ ಚುಕ್ತಾ ಆಗಲ್ಲ ಬೀರೇಶ. ಆರಿಸು ಅಂದಿದ್ದು ನಿನಗೆ ಬೇರೆ ಕೇಳಿಸ್ತು. ಹಚ್ಚು ಅಂದಿದ್ದೂ ಬೇರೆ ಕೇಳಿಸ್ತು. ದನಗಳ ಹಿಂದೆ ಅಂದೆನಲ್ಲ, ಅದೊಂದು ಮಾತ್ರ ನಾನು ಅಂದ ಹಾಗೇ, ನಾನು ಅಂದ ಅರ್ಥದಲ್ಲೇ ನಿನಗೆ ಕೇಳಿಸಿದ್ದು. ಅದಕ್ಕೆ ತೆಲುಗನ್ನೂ ದೂರೋಕಾಗಲ್ಲ, ಜ್ವರವನ್ನೂ ದೂರೋಕಾಗಲ್ಲ. ನನ್ನ ಅಂಗಡೀಲಿ ‘ರಿಪೇರಿ ಮಾಡೋರು ಯಾರೂ ಇಲ್ವಾ’ ಅಂತ ಕೇಳೋರ ಮೇಲೆ ಕೆಂಡ ಕಾರ್ತೀನಿ. ನಾನೂ ಅವರ ತರಾನೇ ಮಾತಾಡ್ದೆ, ಅದೂ ಮೈಕಲ್ಲಿ.

ತಪ್ಪು ನನ್ನದು. ಫೆಬ್ರವರಿಯಲ್ಲಿ ನೀನು ಬಂದ್ರೂ ಬರ್ದಿದ್ರೂ ನಾನು ಹೋಗಿ ಆ ಮೈಕ್ ಇಸ್ಕೊಂಡು ಹೇಳ್ತೀನಿ. ನಿನ್ನ ನಂಬರ್ ಬ್ಲಾಕ್ ತೆಗೆದಿದೀನಿ. ಆದ್ರೆ ನಾನಾಗಿ ಫೋನ್ ಮಾಡಲ್ಲ, ನನಗೆ ಮುಖ ಇಲ್ಲ.

ಚೈತ್ರ


ತೊಂಡೇಬಾವಿ
15 ಜನವರಿ 2026, ಸಂಕ್ರಾಂತಿ

ಚೈತ್ರ,

ಬ್ಲಾಕ್ ತೆಗೆದಿದ್ರೂ ಕಾಗದಾನೇ ಬರೀತಿದೀನಿ. ಫೋನಲ್ಲಿ ನಾವಿಬ್ಬರು ಮಾತಾಡಿದ್ದರ ಕಥೆ ನೋಡಿದೀವಲ್ಲ.

ನಿನ್ನ ಕಾಗದದ ಅರ್ಧ ಓದೋವರೆಗೂ ನನಗೂ ನಗು ಬಂತು. ಅಜ್ಜಿಗೆ ಹೇಳಿದೆ. ‘ಆರ್ಸು ಅಂದ್ರೆ ಆರ್ಸೋದೇ ಅಲ್ವೇನ್ಲಾ, ಅದ್ರಾಗೇನೈತೆ ಒಣಗ್ಸೋದು’ ಅಂದ್ಲು. ನಿನ್ನ ತಪ್ಪು ಅಂತಲೇ ಅವಳ ತೀರ್ಮಾನ. ಇನ್ನರ್ಧ ಓದಿದಾಗ ನಗು ನಿಂತು ಹೋಯ್ತು. ಇಷ್ಟು ದಿನ ನಾನು ಕಾಯ್ತಿದ್ದಿದ್ದು ಬೋರ್ಡಿನ ಮಾತಿಗಲ್ಲ ಕಣೇ, ಆ ಅರ್ಧಕ್ಕೆ.

ಮೈಕಲ್ಲಿ ಹೇಳ್ತೀನಿ ಅಂದಿದೀಯ. ಹೋಗ್ಲಿ ಬೇಡ ಬಿಡು ಅಂತ ನಾನು ಅನ್ನಲ್ಲ. ಹೇಳ್ಲೇಬೇಕು. ಮೈಕಲ್ಲಿ ಹೋದ ಮಾತು ಮೈಕಲ್ಲೇ ವಾಪಸ್ ಬರ್ಬೇಕು, ಅಂಬಾ ಅಂದೋರೆಲ್ಲ ಕೂತಿರೋವಾಗ. ಆಮೇಲೇ ನಾನು ಕ್ಯಾನ್ ಮುಚ್ಚಳ ತೆಗೆಯೋದು. ಹೊಸ ಬೋರ್ಡಿಗೆ ಈಗಿಂದಲೇ ಪಾಲಿಷ್ ಬಳಿಯೋಕೆ ಕೂರು. ನೀನು ಒಣಗಿಸು ಅನ್ನು, ವ್ಯಾಸಲೀನ್ ಬಳಿ ಅನ್ನು, ಆಫ್ ಅನ್ನು, ಆನ್ ಅನ್ನು. ಆರಿಸಿ ಹಚ್ಚು ಅಂದ್ರೆ ನಾನು ಎದ್ದು ಊರಿಗೆ ಬರ್ತೀನಿ. ಇಬ್ಬರ ಹೆಸರನ್ನೂ ಬೆಳಿಗ್ಗೆ ಸರ್‌ಗೆ ಹೇಳಿದೀನಿ.

ಇವತ್ತು ಹಸುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂವು ಕಟ್ಟಿದ್ವಿ. ಕತ್ತಲಾದ ಮೇಲೆ ಕಿಚ್ಚು ಹಾಯಿಸ್ತೀವಿ. ಎಳ್ಳುಬೆಲ್ಲದಲ್ಲಿ ನಿನ್ನ ಪಾಲು ಒಂದು ಡಬ್ಬೀಲಿ ಎತ್ತಿಟ್ಟಿದೀನಿ, ಬಂದಾಗ ತಗೊಂಡು ಹೋಗು. ಮೊದಲು ದನಗಳಿಗೆ ಕೊಟ್ಟು, ಮಿಕ್ಕಿದ್ದು ನಿನಗೆ.

ಇಂತಿ ನಿನ್ನ,
ಬೀರೇಶ